ನೀರುಗಂಟಿಯ ಪಾಲು

ಕೋಲಾರ ಸೀಮೆಯ ಮಳೆಯನ್ನು ನಂಬಿ ಕೂರುವಂತಿಲ್ಲ. ಮುಂಗಾರು ಕೈಕೊಟ್ಟ ವರ್ಷವೂ ಆಶ್ವಯುಜ, ಕಾರ್ತಿಕದಲ್ಲಿ ಬಂಗಾಳ ಕೊಲ್ಲಿಯ ಕಡೆಯಿಂದ ಜಡಿ ಹಿಡಿದರೆ ಒಂದೇ ವಾರದಲ್ಲಿ ಕೆರೆ ತುಂಬಿಬಿಡುವುದುಂಟು. ಅಂಥ ರಾತ್ರಿ ಊರಿಗೆ ನಿದ್ದೆ ಹತ್ತುವುದಿಲ್ಲ. ಬೆಳಕು ಹರಿಯುವ ಮೊದಲೇ ಜನ ಗೋಣಿಚೀಲದ ಕೊಪ್ಪೆ ಹೊದ್ದು ಏರಿ ಹತ್ತುತ್ತಾರೆ. ನೀರು ತೂಬಿನ ಕಂಬದಲ್ಲಿ ಎಲ್ಲಿಗೆ ಬಂತು, ಕೋಡಿ ಬೀಳಲು ಇನ್ನೆಷ್ಟು ಗೇಣು ಬಾಕಿ ಎಂಬುದೇ ಎಲ್ಲರ ಮಾತು. ಕೋಡಿ ಬಿತ್ತೆಂದರೆ ಹೆಂಗಸರು ಅರಿಸಿನ ಕುಂಕುಮದ ತಟ್ಟೆ ಹಿಡಿದು ಗಂಗಮ್ಮನ ಪೂಜೆಗೆ ಹೊರಡುತ್ತಾರೆ, ಹುಡುಗರು ಕೋಡಿಯಲ್ಲಿ ಎದುರೀಜುವ ಮೀನಿಗೆ ಪಂಚೆ ಹಾಸುತ್ತಾರೆ.

ಆ ಗುಂಪಿನಲ್ಲಿ ಒಬ್ಬ ಮಾತ್ರ ಕೆರೆಯ ಕಡೆ ನೋಡುತ್ತಿರಲಿಲ್ಲ. ಅವನು ಏರಿಯ ಹಿಂಬದಿಗೆ ಇಳಿದು, ಬುಡದ ಮಣ್ಣನ್ನು ಬರಿಗಾಲಿನಲ್ಲಿ ಒತ್ತಿ ನೋಡುತ್ತಾ ಹೋಗುತ್ತಿದ್ದ. ಎಲ್ಲಾದರೂ ತೇವ ಜಿನುಗುತ್ತಿದೆಯೇ? ಜಿನುಗಿದರೆ ನೀರು ತಿಳಿಯಾಗಿದೆಯೋ, ಕೆಂಪಾಗಿದೆಯೋ? ತಿಳಿನೀರಾದರೆ ಚಿಂತೆಯಿಲ್ಲ. ಕೆಂಪಾಗಿದ್ದರೆ ಏರಿಯ ಒಳಗಿನ ಮಣ್ಣು ಕರಗಿ ಬರುತ್ತಿದೆ ಎಂದರ್ಥ, ಆಗ ಊರನ್ನು ಕೂಗಿ ಕರೆಯಬೇಕು. ಅವನು ನೀರುಗಂಟಿ.

ಹಳೆಯ ಕೆರೆಗಳ ಬಗ್ಗೆ ಮಾತಾಡುವಾಗ ನಾವು ಕಟ್ಟಿಸಿದ ರಾಜರ ಹೆಸರು ಹೇಳುತ್ತೇವೆ, ಹೂಳು ತುಂಬಿದ್ದಕ್ಕೆ ಮರುಗುತ್ತೇವೆ. ವರ್ಷಾನುಗಟ್ಟಲೆ ಆ ಕೆರೆಗಳನ್ನು ಯಾರು ನಡೆಸಿದರು, ಅವರಿಗೆ ಏನು ಸಿಕ್ಕಿತು ಎಂದು ಕೇಳುವುದು ಕಡಿಮೆ. ಕೆರೆ ಉಳಿದದ್ದೂ ಅಳಿದದ್ದೂ ಅಲ್ಲೇ ಎಂದು ನನಗನ್ನಿಸುತ್ತದೆ.

ಹೊಳೆಯಿಲ್ಲದ ಸೀಮೆಯ ಲೆಕ್ಕ

ಕೋಲಾರ, ಚಿಕ್ಕಬಳ್ಳಾಪುರ ಒಂದೇ ಜಿಲ್ಲೆಯಾಗಿದ್ದವು, 2007ರಲ್ಲಿ ಬೇರೆಯಾದವು. ಈ ನೆಲದಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಇಲ್ಲಿನ ಗುಡ್ಡಗಳಲ್ಲೇ ಹುಟ್ಟಿದರೂ ಹೊಳೆ ಎನಿಸಿಕೊಳ್ಳುವಷ್ಟು ಬೆಳೆಯುವ ಹೊತ್ತಿಗೆ ಪಕ್ಕದ ರಾಜ್ಯಗಳಿಗೆ ಇಳಿದಿರುತ್ತವೆ. ಮಳೆ ವರ್ಷಕ್ಕೆ ಸರಾಸರಿ 700 ಮಿಲಿಮೀಟರ್ ಆಸುಪಾಸು. ಅದೂ ಕೆಲವೇ ದಿನಗಳಲ್ಲಿ ಸುರಿದು ಹೋಗುತ್ತದೆ.

ಹಾಗಾಗಿ ಇಲ್ಲಿನವರು ಓಡುವ ನೀರನ್ನು ತಗ್ಗು ತಗ್ಗಿನಲ್ಲಿ ತಡೆದು ನಿಲ್ಲಿಸಿದರು. ಮೇಲಿನ ಕೆರೆಯ ಕೋಡಿ ನೀರು ಕಾಲುವೆ ಹಿಡಿದು ಕೆಳಗಿನ ಊರಿನ ಕೆರೆಗೆ, ಅಲ್ಲಿಂದ ಮುಂದಿನದಕ್ಕೆ. ಪಾಲಾರ್ ನದಿಯನ್ನು ಕರ್ನಾಟಕದಲ್ಲಿ ಹುಡುಕಿ ಹೊರಟರೆ ಸಿಗುವುದು ಹೀಗೆ ಒಂದರ ಕೆಳಗೊಂದು ಇರುವ ಕೆರೆಗಳೇ. ಬೇತಮಂಗಲ, ರಾಮಸಾಗರ ಅದರಲ್ಲಿ ದೊಡ್ಡವು. ಅವಿಭಜಿತ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು.

ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿ 1866ರಲ್ಲಿ ಬರೆದ ವರದಿಯಲ್ಲಿ ಇದನ್ನು ಕಂಡು ಬೆರಗಾಗಿದ್ದಾನೆ. ಸಂಸ್ಥಾನದ 27,269 ಚದರ ಮೈಲಿ ನೆಲದಲ್ಲಿ ಹೆಚ್ಚುಕಡಿಮೆ ಶೇ 60ರಷ್ಟನ್ನು ಜನ ಕೆರೆಗಳ ಏರ್ಪಾಡಿಗೆ ತಂದಿದ್ದಾರೆ, ಈ ಭಾಗದಲ್ಲಿ ಹೊಸ ಕೆರೆಗೆ ಜಾಗ ಹುಡುಕಬೇಕೆಂದರೆ ತುಂಬ ಜಾಣತನ ಬೇಕು ಎಂಬುದು ಅವನ ಮಾತಿನ ಸಾರ. ಬೆಂಗಳೂರಿನ ಸ್ಯಾಂಕಿ ಕೆರೆಗೆ ಇವನದೇ ಹೆಸರು.

ಇಷ್ಟು ಕೆರೆ ಕಟ್ಟಿದರೆ ಕೆಳಗಿನವರಿಗೆ ನೀರು ಕಡಿಮೆಯಾಗದೆ ಇರುತ್ತದೆಯೇ? 1892ರಲ್ಲಿ ಮೈಸೂರು ಸಂಸ್ಥಾನಕ್ಕೂ ಮದ್ರಾಸ್ ಪ್ರಾಂತ್ಯಕ್ಕೂ ಆದ ಒಪ್ಪಂದದಲ್ಲಿ ಪಾಲಾರ್ ಹೆಸರೂ ಇದೆ. ಪಟ್ಟಿಯಲ್ಲಿರುವ ನದಿಗಳ ಮೇಲೆ ಮದ್ರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಹೊಸ ನೀರಾವರಿ ಕಟ್ಟೆ ಕಟ್ಟುವಂತಿಲ್ಲ ಎಂದು ಅಲ್ಲಿ ಬರೆಯಲಾಯಿತು. ಈ ತಂಟೆಯನ್ನು ಹಳಬರು ಮೊದಲೇ ಕಂಡಿದ್ದರು. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿ ಹಾಕಿಸಿದ ಶಾಸನ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರಬಾರದ ಆರು ದೋಷಗಳನ್ನೂ ಹೇಳುತ್ತದೆ. ಏರಿ ಜಿನುಗುವುದು, ಚೌಳು ಮಣ್ಣು, ಕೆರೆಯ ನಡುವೆ ದಿಬ್ಬ ಇವೆಲ್ಲ ದೋಷಗಳು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದೂ ಒಂದು ದೋಷ! ಆ ಕೆರೆಗೆ ಸಾವಿರ ಆಳು, ನೂರು ಗಾಡಿ ಎರಡು ವರ್ಷ ದುಡಿದ ಲೆಕ್ಕವೂ ಅಲ್ಲೇ ಇದೆ.

ಕಲ್ಲಿನ ಮೇಲೆ ಬರೆದ ಕರಾರು

ಕಟ್ಟುವುದು ಒಂದು ಸಲದ ಕೆಲಸ. ಮಣ್ಣಿನ ಏರಿಯನ್ನು ಪ್ರತಿ ವರ್ಷ ನೋಡಿಕೊಳ್ಳಬೇಕು. ಇಲಿ, ಏಡಿ ಬಿಲ ತೋಡುತ್ತವೆ. ಏರಿಯ ಮೇಲೆ ಬೆಳೆದ ಗಿಡದ ಬೇರು ಒಣಗಿ ಪೊಳ್ಳಾದರೆ ಅದೇ ದಾರಿಯಲ್ಲಿ ನೀರು ನುಗ್ಗುತ್ತದೆ. ಹೂಳು ತುಂಬುತ್ತಲೇ ಇರುತ್ತದೆ. ಇದಕ್ಕೆಲ್ಲ ಹಣ ಎಲ್ಲಿಂದ?

ಉತ್ತರ ಶಾಸನಗಳಲ್ಲಿದೆ. ಬೆಂಜಮಿನ್ ಲೂಯಿಸ್ ರೈಸ್ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟದಲ್ಲಿ ಕೋಲಾರ ಜಿಲ್ಲೆಯ ಶಾಸನಗಳನ್ನು 1905ರಲ್ಲಿ ಪ್ರಕಟಿಸಿದ. ಈ ಸೀಮೆಯ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಗೊಡಗೆ, ದಶವಂದ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಬಿತ್ತುವಟ್ಟವೆಂದರೆ ಕೆರೆಯ ಸಲುವಾಗಿಯೇ ಬಿಟ್ಟುಕೊಟ್ಟ ನೆಲ ಅಥವಾ ಬೆಳೆಯ ಪಾಲು. ಕೆರೆ ಕಟ್ಟಿದವನಿಗೋ ಒಡೆದದ್ದನ್ನು ಸರಿಪಡಿಸಿದವನಿಗೋ ಅದೇ ಕೆರೆಯ ಕೆಳಗೆ ಕೊಡುತ್ತಿದ್ದ ಗದ್ದೆ ಕಟ್ಟುಗೊಡಗೆ. ದಶವಂದ ಹತ್ತರಲ್ಲೊಂದು ಪಾಲಿನ ಲೆಕ್ಕದ್ದು. ಹೂಳೆತ್ತುವ ಗಾಡಿಯನ್ನೂ ಅದನ್ನೆಳೆಯುವ ಕೋಣಗಳನ್ನೂ ಸಾಕಲೆಂದು ದತ್ತಿ ಬಿಟ್ಟ ಶಾಸನಗಳೂ ಸಿಕ್ಕಿವೆ.

ಅಂದರೆ ಕೆರೆ ಚೆನ್ನಾಗಿದ್ದರೆ ಮಾತ್ರ ಕಟ್ಟುಗೊಡಗೆ ಪಡೆದವನ ಗದ್ದೆಯಲ್ಲಿ ಬೆಳೆ. ಏರಿ ಒಡೆದರೆ ಮೊದಲು ಒಣಗುವುದು ಅವನ ಹೊಟ್ಟೆ. ಬೊಕ್ಕಸದಿಂದ ಸಂಬಳ ಎಣಿಸಿ ಕೊಟ್ಟಿದ್ದರೆ ಇಷ್ಟು ಕಾಲ ನಡೆಯುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಬೇತಮಂಗಲದ ಕೆರೆಯನ್ನು ನೋಡಿ. ವಿಜಯಾದಿತ್ಯಮಂಗಲ ಎಂಬ ಹಳೆಯ ಹೆಸರಿನ ಆ ಊರಿನ ಕೆರೆ ಹತ್ತನೆಯ ಶತಮಾನದಲ್ಲೇ ಒಡೆದು, ನೊಳಂಬರ ಕಾಲದಲ್ಲಿ ದುರಸ್ತಿಯಾಯಿತು. ಹೊಯ್ಸಳರ ಕಾಲದಲ್ಲಿ ಮತ್ತೆ ದುರಸ್ತಿಯಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಚಿನ್ನದ ಗಣಿಯ ಊರಿಗೆ ಕುಡಿಯುವ ನೀರು ಹೋದದ್ದೂ ಇದೇ ಬೇತಮಂಗಲದಿಂದ.

ತೂಬು, ಮಡವೆ, ಸನಿಕೆ

ಹಳೆಯ ತೂಬು ಸರಳವಾದದ್ದು. ಕೆರೆಯ ಒಳಗೆ, ಏರಿಗೆ ಸಮೀಪದಲ್ಲಿ, ಎರಡು ಕಲ್ಲುಕಂಬ. ಅವುಗಳ ನಡುವೆ ಅಡ್ಡ ಹಾಸುಗಲ್ಲು, ಅದರಲ್ಲಿ ತೂತು. ಬುಡದ ಕಲ್ಲಿನಲ್ಲೂ ಒಂದು ತೂತು, ಅದಕ್ಕೊಂದು ಬಿರಡೆ. ಮೇಲಿನ ತೂತಿನಿಂದ ಇಳಿದ ಉದ್ದನೆಯ ಗಳುವನ್ನು ಎತ್ತಿದರೆ ಬಿರಡೆ ಸಡಿಲವಾಗಿ ನೀರು ಏರಿಯ ಅಡಿಯ ಕಲ್ಲುಕಾಲುವೆಗೆ ನುಗ್ಗುತ್ತದೆ. ಎಷ್ಟು ಎತ್ತಬೇಕು ಎಂಬುದು ಕೈಗೆ ಗೊತ್ತಿರಬೇಕು. ಸಿಕ್ಕಿಕೊಂಡರೆ ನೀರುಗಂಟಿಯೇ ಮುಳುಗಿ ಬಿಡಿಸಬೇಕು. ಆಳದ ನೀರಿನ ಸೆಳೆತಕ್ಕೆ ಸಿಕ್ಕರೆ ಜೀವವೇ ಹೋಗುವಂಥ ಕೆಲಸ ಅದು.

ತೂಬಿನಿಂದ ಹೊರಟ ನೀರು ಅಚ್ಚುಕಟ್ಟಿನ ಕಾಲುವೆಗಳಲ್ಲಿ ಹರಿದು ಗದ್ದೆ ಗದ್ದೆಗೆ ಹೋಗಬೇಕು. ಕಾಲುವೆಯಿಂದ ಗದ್ದೆಗೆ ನೀರು ತಿರುಗುವ ಬಾಯಿಗೆ ಇಲ್ಲಿಯವರು ಮಡವೆ ಎನ್ನುತ್ತಾರೆ. ಮಡವೆ ಕಟ್ಟುವುದೂ ಬಿಡಿಸುವುದೂ ನೀರುಗಂಟಿಯ ಸನಿಕೆಗೆ ಸೇರಿದ್ದು. ಗದ್ದೆಯ ಯಜಮಾನ ಎಷ್ಟೇ ದೊಡ್ಡವನಾದರೂ ತನ್ನ ಮಡವೆಯನ್ನು ತಾನೇ ಬಿಡಿಸಿಕೊಳ್ಳುವಂತಿರಲಿಲ್ಲ. ಬಿಡಿಸಿಕೊಂಡವನನ್ನು ಊರ ಮುಂದೆ ನಿಲ್ಲಿಸಿ ದಂಡ ಹಾಕುತ್ತಿದ್ದರು.

ರಾತ್ರಿ ನೀರು ಕಟ್ಟುವುದೇ ಹೆಚ್ಚು. ಕೈಯಲ್ಲಿ ಲಾಟೀನು, ಹೆಗಲ ಮೇಲೆ ಸನಿಕೆ. ಬದುವಿನ ಮೇಲೆ ನಡೆಯುತ್ತಾ ಗದ್ದೆಗೆ ಕಾಲಿಟ್ಟು, ನೀರು ಹಿಮ್ಮಡಿ ಮುಳುಗಿತೋ ಇಲ್ಲವೋ ಎಂದು ನೋಡಿ ಮುಂದಿನ ಮಡವೆಗೆ ಹೋಗಬೇಕು. ಯಾವ ಗದ್ದೆ ಮರಳುಮಿಶ್ರ, ನೀರು ಬೇಗ ಕುಡಿಯುತ್ತದೆ, ಯಾವುದು ಜೇಡಿ, ಮೂರು ದಿನ ತಡೆಯುತ್ತದೆ, ಯಾರ ಪೈರು ತೆನೆಗಟ್ಟುವ ಹೊತ್ತಿನಲ್ಲಿದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ತನಗೇ ಆ ಅಚ್ಚುಕಟ್ಟಿನಲ್ಲಿ ಹೇಳಿಕೊಳ್ಳುವಂಥ ಗದ್ದೆ ಇರುತ್ತಿರಲಿಲ್ಲ. ಹಾಗಾಗಿ ಅವನ ಹಂಚಿಕೆಯ ಮೇಲೆ ಊರು ನಂಬಿಕೆ ಇಡಬಹುದಿತ್ತು.

ಕೊರತೆಯ ವರ್ಷ

ಕೆರೆ ತುಂಬಿದ ವರ್ಷ ನ್ಯಾಯ ಹೇಳುವುದು ಕಷ್ಟವಲ್ಲ. ಅರ್ಧಕ್ಕೇ ನಿಂತ ವರ್ಷ ಪಂಚಾಯಿತಿ ಕೂರುತ್ತಿತ್ತು. ನೀರುಗಂಟಿ ಕೆರೆಯ ನೀರು ನೋಡಿ, ಇಷ್ಟು ಖಂಡುಗ ಗದ್ದೆಗೆ ಸಾಲುತ್ತದೆ ಎಂದು ಹೇಳುತ್ತಿದ್ದ. ಇಲ್ಲಿ ಗದ್ದೆಯ ಅಳತೆಯೂ ಬಿತ್ತನೆ ಬೀಜದ ಲೆಕ್ಕದಲ್ಲೇ, ಒಂದು ಖಂಡುಗ ಬೀಜ ಹಿಡಿಯುವ ನೆಲ ಒಂದು ಖಂಡುಗದ ಗದ್ದೆ. ಭತ್ತ ಬೇಡ, ರಾಗಿ ಹಾಕಿ ಎಂದು ತೀರ್ಮಾನವಾಗುವುದೂ ಇತ್ತು.

ಇನ್ನೂ ಕಷ್ಟ ಬಂದರೆ ದಾಮಾಶ. ಇಡೀ ಅಚ್ಚುಕಟ್ಟಿಗೆ ಸಾಲದ ನೀರನ್ನು ಎಲ್ಲೆಡೆ ಹರಿಯಬಿಟ್ಟರೆ ಕಾಲುವೆಯೇ ಅರ್ಧ ಕುಡಿಯುತ್ತದೆ, ಯಾರ ಬೆಳೆಯೂ ಕೈಗೆ ಬರುವುದಿಲ್ಲ. ಅದಕ್ಕೆ ಆ ವರ್ಷ ತೂಬಿನ ಹತ್ತಿರದ ಗದ್ದೆಗಳಲ್ಲಿ ಮಾತ್ರ ಬೇಸಾಯ. ಆದರೆ ಆ ನೆಲವನ್ನು ಅಚ್ಚುಕಟ್ಟಿನ ಎಲ್ಲ ಹಿಡುವಳಿದಾರರಿಗೂ ಅವರವರ ಹಿಡುವಳಿಯ ಪ್ರಮಾಣದಲ್ಲಿ ಹಂಚುವುದು. ಕಾಲುವೆಯ ಕೊನೆಯಲ್ಲಿ ಹತ್ತು ಗುಂಟೆ ಇದ್ದವನೂ ಆ ವರ್ಷ ತೂಬಿನ ಪಕ್ಕದಲ್ಲಿ ತನ್ನ ಪಾಲಿನ ತುಂಡು ಉಳುತ್ತಿದ್ದ. ತೂಬಿನ ಹತ್ತಿರದ ಗದ್ದೆಯವನು ತನ್ನ ನೆಲವನ್ನು ಒಂದು ಬೆಳೆಗೆ ಬಿಟ್ಟುಕೊಡುತ್ತಿದ್ದ. ಈ ಸೀಮೆಯ ಗ್ರಾಮ ಜೀವನದಲ್ಲಿ ನಾನು ತುಂಬಾ ಗೌರವಿಸುವ ಏರ್ಪಾಡು ಇದು. ಬರ ಬಂದಾಗ ಯಾರು ಮೊದಲು ಸಾಯಬೇಕು ಎಂಬ ಪ್ರಶ್ನೆಯನ್ನೇ ಅದು ಏಳಗೊಡುತ್ತಿರಲಿಲ್ಲ.

ಬೇಸಿಗೆಯಲ್ಲಿ ಕೆರೆ ಒಣಗಿತೆಂದರೆ ಗಾಡಿಗಳು ಅಂಗಳಕ್ಕೆ ಇಳಿಯುತ್ತಿದ್ದವು. ಕೆರೆಗೋಡು ಹೊಲಕ್ಕೆ ಗೊಬ್ಬರಕ್ಕಿಂತ ಮೇಲು ಎಂದು ರಾಗಿ ಬೆಳೆಯುವವರಿಗೆ ಗೊತ್ತು. ಕೆರೆಯ ಹೂಳು ತೆಗೆದು ಹೊಲಕ್ಕೆ ಹಾಕುವುದು ಅವರಿಗೆ ಸ್ವಂತ ಬೇಸಾಯದ ಭಾಗ. ಕುಂಬಾರನಿಗೆ ಜೇಡಿ ಅಲ್ಲೇ, ದನಕ್ಕೆ ಹಸಿ ಹುಲ್ಲು ಅಲ್ಲೇ. ಮೀನಿನ ಹರಾಜಿನ ದುಡ್ಡು ಎಷ್ಟೋ ಊರುಗಳಲ್ಲಿ ಜಾತ್ರೆಗೋ ದೇವಸ್ಥಾನದ ಸುಣ್ಣಬಣ್ಣಕ್ಕೋ ಹೋಗುತ್ತಿತ್ತು.

ಕಣದಲ್ಲಿ ಆಯ

ನೀರುಗಂಟಿಗೆ ಕೊಡುತ್ತಿದ್ದದ್ದು ಕಾಳು. ಬೆಳೆ ಕಣಕ್ಕೆ ಬಂದು, ತೂರಿ, ರಾಶಿ ಪೂಜೆ ಮುಗಿದ ಮೇಲೆ ಮನೆಗೆ ಒಂದು ಕಾಳು ಹೋಗುವ ಮುಂಚೆ ಆಯಗಾರರ ಪಾಲು ಎತ್ತಿಡಬೇಕು. ಗೌಡ, ಶಾನುಭೋಗ, ತಳವಾರ, ತೋಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ ಮೊದಲಾದ ಆಯಗಾರರ ಸಾಲಿನಲ್ಲಿ ನೀರುಗಂಟಿಯೂ ಇದ್ದ.

ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯ ಮೇರೆಗೆ ಈ ಸೀಮೆಯನ್ನು ಸುತ್ತಿದ ವೈದ್ಯ ಫ್ರಾನ್ಸಿಸ್ ಬುಕಾನನ್ ಕಣದ ಈ ಹಂಚಿಕೆಯನ್ನು ಸೇರು ಸೇರಾಗಿ ಬರೆದಿಟ್ಟಿದ್ದಾನೆ. ದೇವರಿಗೆ, ಬ್ರಾಹ್ಮಣರಿಗೆ, ಊರ ಕಸುಬಿನವರಿಗೆ, ನೀರುಗಂಟಿಗೆ ಅವರವರ ಪಾಲು ಕೊಟ್ಟ ಮೇಲೆ ಉಳಿದದ್ದನ್ನು ಸರ್ಕಾರವೂ ರೈತನೂ ಹಂಚಿಕೊಳ್ಳುತ್ತಿದ್ದರು. ಅವನ ಪ್ರವಾಸಕಥನ 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ನಮ್ಮ ಹಳ್ಳಿಗಳ ಒಳಲೆಕ್ಕ ತಿಳಿಯಬೇಕೆಂದರೆ ಇವತ್ತಿಗೂ ಅದನ್ನು ತೆರೆಯಬೇಕು.

ಕಣದಲ್ಲಿ ಕೊಡುವ ಈ ಪಾಲಿಗೆ ಒಂದು ಗುಣವಿತ್ತು. ಬೆಳೆ ಹೆಚ್ಚಾದರೆ ಎಲ್ಲರಿಗೂ ಹೆಚ್ಚು, ಬೆಳೆ ಹೋದರೆ ಎಲ್ಲರಿಗೂ ಹಸಿವು. ಕಾಲುವೆಯ ಕೊನೆಯ ಗದ್ದೆಗೂ ನೀರು ಮುಟ್ಟಿಸಿದರೆ ನೀರುಗಂಟಿಗೆ ಇನ್ನೊಂದು ಕಣದಿಂದಲೂ ಆಯ ಬರುತ್ತಿತ್ತು.

ಬಾವಿಯ ಹತ್ತಿರ ಬರಬಾರದವನು

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ಮುಚ್ಚಿಡಲಾಗದು. ಕೋಲಾರ ಸೀಮೆಯ ನೀರುಗಂಟಿಗಳಲ್ಲಿ ಬಹುಪಾಲು ದಲಿತ ಕುಟುಂಬದವರು. ಇಡೀ ಊರಿನ ಗದ್ದೆಗೆ ರಾತ್ರಿಯೆಲ್ಲ ನೀರು ಹಾಯಿಸಿದವನು ಬೆಳಿಗ್ಗೆ ಊರ ಬಾವಿಯಲ್ಲಿ ಒಂದು ಕೊಡ ಸೇದಿಕೊಳ್ಳುವಂತಿರಲಿಲ್ಲ. ಅವನು ಕಟ್ಟಿದ ನೀರಿನಲ್ಲಿ ಬೆಳೆದ ಭತ್ತ ದೇವಸ್ಥಾನದಲ್ಲಿ ನೈವೇದ್ಯವಾಗುತ್ತಿತ್ತು, ಅವನು ಹೊರಗೆ ನಿಲ್ಲುತ್ತಿದ್ದ.

ಅವನ ಹತ್ತಿರ ಗದ್ದೆ ಇಲ್ಲದ್ದರಿಂದ ಹಂಚಿಕೆ ನ್ಯಾಯವಾಗಿ ನಡೆಯಿತು ಎಂದು ಮೇಲೆ ಬರೆದೆ. ಅದು ನಿಜವೇ. ಆದರೆ ಅವನಿಗೆ ಗದ್ದೆ ಇರಲಿಲ್ಲ ಎಂಬುದು ಯಾರೋ ಯೋಚಿಸಿ ಮಾಡಿದ ಜಾಣ ನಿಯಮವಾಗಿರಲಿಲ್ಲ, ನೆಲ ಅವನ ಜಾತಿಯ ಕೈಗೆ ಸಿಗದಂತೆ ಊರು ನಡೆದುಕೊಂಡದ್ದರ ಫಲ. ನೀರು ಸಾಲದ ವರ್ಷ ಬೈಗುಳವೂ ಏಟೂ ಅವನಿಗೇ. ಹಳೆಯ ಕೆರೆ ವ್ಯವಸ್ಥೆಯನ್ನು ಹೊಗಳುವ ಬರಹಗಳು ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ. ಹೋಗಬಾರದು. ಈ ಮನೆಗಳ ಮಕ್ಕಳು ಶಾಲೆಗೆ ಹೋಗಿ, ಬೆಂಗಳೂರಿನ ಬಸ್ಸು ಹತ್ತಿ, ಅಪ್ಪನ ಸನಿಕೆ ನಮಗೆ ಬೇಡ ಎಂದದ್ದು ತೀರಾ ನ್ಯಾಯವಾದದ್ದು.

ಸರ್ಕಾರದ ಕೆರೆ

ಹತ್ತೊಂಬತ್ತನೆಯ ಶತಮಾನದಲ್ಲಿ ಕಂದಾಯ ಹಣದ ರೂಪಕ್ಕೆ ಬಂತು, ಕೆರೆಗಾಗಿ ಬಿಟ್ಟ ನೆಲಗಳು ಒಂದೊಂದಾಗಿ ಸರ್ಕಾರದ ಲೆಕ್ಕಕ್ಕೆ ಸೇರಿದವು, ದುರಸ್ತಿಗೆ ಮರಾಮತ್ತು ಇಲಾಖೆ ಬಂತು. ಸಣ್ಣ ದುರಸ್ತಿಯನ್ನು ರೈತರೇ ಮಾಡಬೇಕು, ದೊಡ್ಡದನ್ನು ಸರ್ಕಾರ ಎಂಬ ಗೆರೆ ಎಳೆದರು. ಆ ಗೆರೆಯ ಎರಡೂ ಬದಿಯವರು ಇನ್ನೊಬ್ಬರ ದಾರಿ ಕಾಯತೊಡಗಿದರು. ಊರವರನ್ನು ಮತ್ತೆ ಜೊತೆಗೆ ತರಲೆಂದು ಮೈಸೂರು ಸರ್ಕಾರ 1911ರಲ್ಲಿ ಕೆರೆ ಪಂಚಾಯಿತಿ ಕಾನೂನನ್ನೂ ಮಾಡಿತು.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಶಾನುಭೋಗಿಕೆ, ಪಟೇಲಿಕೆಯಿಂದ ಹಿಡಿದು ತೋಟಿ ತಳವಾರಿಕೆಯವರೆಗೆ ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆದುಹಾಕಿತು. ತೆಗೆಯಲೇಬೇಕಿತ್ತು. ಆದರೆ ಶಾನುಭೋಗನ ಜಾಗಕ್ಕೆ ಸಂಬಳದ ಗ್ರಾಮಲೆಕ್ಕಿಗ ಬಂದ. ತೂಬಿನ ಹತ್ತಿರ ಅಂಥ ಯಾರೂ ಬರಲಿಲ್ಲ. ಹುಟ್ಟಿನಿಂದ ಬಂದ ಹೊರೆಯನ್ನು ಇಳಿಸಿದ್ದು ಸರಿ, ಆ ಕೆಲಸಕ್ಕೆ ಮರ್ಯಾದೆಯ ಕೂಲಿ ಕೊಟ್ಟು ಯಾರನ್ನಾದರೂ ನೇಮಿಸುವುದನ್ನು ಮರೆತದ್ದು ತಪ್ಪು. ಈಗ 40 ಹೆಕ್ಟೇರಿಗಿಂತ ದೊಡ್ಡ ಅಚ್ಚುಕಟ್ಟಿನ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ, ಚಿಕ್ಕವು ಪಂಚಾಯಿತಿಗಳಿಗೆ ಸೇರಿವೆ. 2002ರಲ್ಲಿ ಶುರುವಾದ ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ ಜಲ ಸಂವರ್ಧನೆ ಯೋಜನಾ ಸಂಘ ಊರೂರಿನಲ್ಲಿ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿತು, ಹೂಳೆತ್ತಿಸಿತು. ಸಂಘದ ಲೆಕ್ಕಪುಸ್ತಕ ಬರೆಯುವವರು ಸಿಕ್ಕರು. ರಾತ್ರಿ ಮಡವೆ ಕಟ್ಟುವವನ ಆಯವನ್ನು ಯಾರು ಕೊಡಬೇಕೆಂಬುದು ಇತ್ಯರ್ಥವಾಗಲಿಲ್ಲ.

ಭೂಮಿಯೊಳಗಿನ ಪೈಪೋಟಿ

ಅಷ್ಟರಲ್ಲಿ ಕೊಳವೆಬಾವಿ ಬಂದಿತ್ತು. ಸ್ವಿಚ್ ಒತ್ತಿದರೆ ನೀರು, ಯಾರನ್ನೂ ಕೇಳಬೇಕಿಲ್ಲ. ರೇಷ್ಮೆ, ಟೊಮೆಟೊ, ಹಾಲು ಈ ಸೀಮೆಗೆ ದುಡ್ಡು ತಂದವು, ಅದನ್ನು ಅಲ್ಲಗಳೆಯಲಾಗದು. ಆದರೆ ಮೋಟರ್ ಇದ್ದವನಿಗೆ ಕೆರೆಯ ಕೆಲಸಕ್ಕೆ ಬರುವ ಅಗತ್ಯ ಉಳಿಯಲಿಲ್ಲ. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ನೀಲಗಿರಿ ಹೊಲ ಹೊಲಕ್ಕೆ ಹಬ್ಬಿತು, ಕೆರೆಗೆ ನೀರು ತರುವ ಕಾಲುವೆಗಳು ಒತ್ತುವರಿಯಾದವು, ಅಂಗಳದಲ್ಲಿ ಜಾಲಿ ಬೆಳೆಯಿತು, ಗೋಡು ಇಟ್ಟಿಗೆ ಗೂಡಿಗೆ ಹೋಯಿತು. ಕೊಳವೆಬಾವಿ ಸಾವಿರ ಅಡಿ ದಾಟಿತು. ಆಳದಿಂದ ಬಂದ ನೀರಿನಲ್ಲಿ ಫ್ಲೋರೈಡ್ ಬಂತು.

2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರು ಶುದ್ಧಗೊಂಡು ಪೈಪಿನಲ್ಲಿ ನರಸಾಪುರದ ಹತ್ತಿರದ ಲಕ್ಷ್ಮೀಸಾಗರ ಕೆರೆಗೆ ಬಂದಾಗ ಜನ ಪೂಜೆ ಮಾಡಿದರು. ಕೆಲವೇ ವಾರಗಳಲ್ಲಿ ನೊರೆ ಕಾಣಿಸಿ ಪ್ರಕರಣ ಹೈಕೋರ್ಟಿಗೆ ಹೋಯಿತು. ನೀರು ನಿಂತು ಮತ್ತೆ ಹರಿಯಿತು. ಎರಡೇ ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಬೇಕೆಂಬ ಬೇಡಿಕೆ ಇಲ್ಲಿನ ರೈತ ಹೋರಾಟಗಾರರದು. ಅದು ನ್ಯಾಯವಾದ ಬೇಡಿಕೆ ಎಂದೇ ನಾನು ತಿಳಿಯುತ್ತೇನೆ. ಮೇಲಿನ ಕೆರೆ ತುಂಬಿ ಕೋಡಿಯಿಂದ ಕೆಳಗಿನ ಕೆರೆಗೆ ಈ ನೀರು ಇಳಿಯುವುದು ಹಳಬರು ತೋಡಿದ ದಾರಿಯಲ್ಲೇ. 2021ರ ನವೆಂಬರಿನ ಭಾರಿ ಮಳೆಗೂ ಜಿಲ್ಲೆಯ ಕೆರೆಗಳು ಎಷ್ಟೋ ವರ್ಷಗಳ ಮೇಲೆ ಕೋಡಿ ಬಿದ್ದವು. ಮುಚ್ಚಿಹೋಗಿದ್ದ ರಾಜಕಾಲುವೆಗಳು ಎಲ್ಲೆಲ್ಲಿದ್ದವು ಎಂಬುದನ್ನು ಆಗ ನೀರೇ ತೋರಿಸಿತು.

ಆದರೆ ಬೆಂಗಳೂರಿನ ನೀರು ತುಂಬಿದ ಕೆರೆಗಳಲ್ಲಿ ತೂಬು ಎತ್ತುವಂತಿಲ್ಲ. ಈ ನೀರು ಅಂತರ್ಜಲ ಮರುಪೂರಣಕ್ಕೆ ಮಾತ್ರ, ನೇರವಾಗಿ ಗದ್ದೆಗೆ ಹರಿಸಬಾರದು ಎಂಬುದು ನಿಯಮ. ಗುಣಮಟ್ಟದ ಅನುಮಾನ ಇರುವವರೆಗೆ ಆ ಎಚ್ಚರಿಕೆ ಬೇಕು. ಅದರ ಫಲ ಏನಾಗುತ್ತಿದೆ ಎಂದರೆ, ಕೆರೆಯ ನೀರು ಇಂಗಿ ಸುತ್ತಲಿನ ಕೊಳವೆಬಾವಿಗಳಲ್ಲಿ ಮೇಲೆದ್ದು ಬರುತ್ತದೆ. ಬಾವಿ ಕೊರೆಸಲು ಲಕ್ಷಗಟ್ಟಲೆ ಸುರಿಯಬಲ್ಲವನಿಗೆ ಸಿಗುತ್ತದೆ, ಆಳವಾಗಿ ಕೊರೆಸಿದವನಿಗೆ ಹೆಚ್ಚು ಸಿಗುತ್ತದೆ. ಅಚ್ಚುಕಟ್ಟಿನ ಕೊನೆಯಲ್ಲಿ ಹತ್ತು ಗುಂಟೆ ಗದ್ದೆ ಇರುವವನಿಗೆ, ಕೊಳವೆಬಾವಿ ಇಲ್ಲದಿದ್ದರೆ, ತುಂಬಿದ ಕೆರೆಯಿಂದ ಒಂದು ಮಡವೆಯ ನೀರೂ ಇಲ್ಲ. ಅವನ ಪಾಲನ್ನು ಲೆಕ್ಕ ಹಾಕಿ ಕೊಡುವ ದಾಮಾಶ ನೆಲದಡಿಯ ನೀರಿಗೆ ಇನ್ನೂ ಹುಟ್ಟಿಲ್ಲ. ಅದನ್ನು ಹುಟ್ಟಿಸುವ ಕೆಲಸ ಗ್ರಾಮಸಭೆಯಲ್ಲಿ, ಕೊಳವೆಬಾವಿಗಳ ಪಟ್ಟಿ ಮುಂದಿಟ್ಟುಕೊಂಡು ಶುರುವಾಗಬೇಕು.